ಕಾರ್ಲ್ ಲಿನ್ನೇಯಸ್

ನಮ್ಮ ನಾಡಿನ ಹೊಳೆಗಳಲ್ಲಿ ಮೀನು ಹಿಡಿದು ಬದುಕುವ ಪ್ರಾಣಿಯೊಂದುಂಟು. ಅದನ್ನು ನಾವು ನೀರುನಾಯಿ ಎಂದು ಕರೆಯುತ್ತೇವೆ. ಕುರುಚಲು ಕಾಡಿನಲ್ಲಿ ಬಿಲ ತೋಡಿ ವಾಸಿಸುವ, ಜೇನೆಂದರೆ ಬಲು ಇಷ್ಟಪಡುವ ಇನ್ನೊಂದು ಪ್ರಾಣಿಗೆ ತರಕರಡಿ ಎಂದು ಹೆಸರು. ರಾತ್ರಿಯ ವೇಳೆಯಲ್ಲಿ ಆಹಾರವನ್ನು ಅರಸುತ್ತ ಸಂಚರಿಸುವ ಪುನುಗುಬೆಕ್ಕನ್ನು ಹಳ್ಳಿಗರು ಬಲ್ಲರು. ಹೆಸರನ್ನೇ ನಂಬಿ ಹೊರಟರೆ ಮೊದಲನೆಯದು ನಾಯಿಯ ಬಳಗಕ್ಕೆ, ಎರಡನೆಯದು ಕರಡಿಯ ಬಳಗಕ್ಕೆ, ಮೂರನೆಯದು ಬೆಕ್ಕಿನ ಬಳಗಕ್ಕೆ ಸೇರಬೇಕು. ಆದರೆ ನೀರುನಾಯಿ ನಾಯಿಯಲ್ಲ, ತರಕರಡಿ ಕರಡಿಯಲ್ಲ, ಪುನುಗುಬೆಕ್ಕು ಬೆಕ್ಕಲ್ಲ. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಒಂದು ನೀರಿನಲ್ಲಿಯೂ ಇನ್ನೊಂದು ಬಿಲದಲ್ಲಿಯೂ ಬಾಳುವ ನೀರುನಾಯಿ ಮತ್ತು ತರಕರಡಿಗಳು ಒಂದೇ ಕುಟುಂಬಕ್ಕೆ ಸೇರಿದ ದಾಯಾದಿಗಳು.

ಯಾವ ಪ್ರಾಣಿ ಯಾವುದರ ಬಂಧು ಎಂಬುದನ್ನು ಹೆಸರಿನಿಂದ ತಿಳಿಯಲಾಗದು. ಅದರ ದೇಹರಚನೆಯನ್ನು ಪರಿಶೀಲಿಸಿ ತಿಳಿಯಬೇಕು. ತಿಳಿದ ಬಳಿಕ ಎಲ್ಲ ದೇಶಗಳ ಪಂಡಿತರೂ ಒಪ್ಪುವಂತಹ ಒಂದು ಹೆಸರನ್ನು ಅದಕ್ಕೆ ಕೊಡಬೇಕು. ಈ ಮಹತ್ಕಾರ್ಯಕ್ಕೆ ಭದ್ರವಾದ ಅಡಿಪಾಯವನ್ನು ಹಾಕಿದವನು 18ನೆಯ ಶತಮಾನದಲ್ಲಿ ಸ್ವೀಡನ್ ದೇಶದಲ್ಲಿ ಬಾಳಿದ ಕಾರ್ಲ್ ಲಿನ್ನೇಯಸ್. ಅವನು ಎಲ್ಲವನ್ನೂ ಸರಿಯಾಗಿಯೇ ತಿಳಿದಿದ್ದನೆಂದು ಹೇಳುವಂತಿಲ್ಲ. ಅವನು ಅನೇಕ ಕಡೆಗಳಲ್ಲಿ ಎಡವಿದನು. ಆದರೆ ತನ್ನ ತಪ್ಪನ್ನು ಮುಂದಿನವರು ಕಂಡುಹಿಡಿದು ತಿದ್ದುವುದಕ್ಕೆ ಬೇಕಾದ ದಾರಿಯನ್ನೂ ಅವನೇ ನಿರ್ಮಿಸಿಟ್ಟನು. ಅಮೆರಿಕ ಖಂಡದ ಸ್ಕಂಕ್ ಎಂಬ ಒಂದು ಸಣ್ಣ ಪ್ರಾಣಿಯ ಕಥೆ ಇದಕ್ಕೆ ಸಾಕ್ಷಿಯಾಗಿದೆ. ಆ ಕಥೆಯನ್ನು ಅರಿಯಬೇಕಾದರೆ ಮೊದಲು ಲಿನ್ನೇಯಸನ ಬಾಳನ್ನು ಅರಿಯಬೇಕು.

ಲಿನ್ನೇಯಸನು ಸ್ವೀಡನ್ನಿನ ದಕ್ಷಿಣ ಭಾಗದಲ್ಲಿರುವ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ 1707ನೆಯ ಇಸವಿ ಮೇ 23ರಂದು ಜನಿಸಿದನು. ತಂದೆ ನಿಲ್ಸ್ ಕ್ರೈಸ್ತ ಪಾದ್ರಿ. ತಾಯಿ ಕ್ರಿಸ್ಟಿನಾ ಪಾದ್ರಿಯೊಬ್ಬನ ಮಗಳು. ಆ ಕಾಲದ ಸ್ವೀಡನ್ನಿನ ಸಾಮಾನ್ಯ ಜನರಲ್ಲಿ ಮನೆತನದ ಹೆಸರು ಇರುತ್ತಿರಲಿಲ್ಲ. ವಿಶ್ವವಿದ್ಯಾನಿಲಯವನ್ನು ಸೇರುವಾಗ ಅಂತಹ ಹೆಸರೊಂದು ಬೇಕಾಗಲು, ನಿಲ್ಸನು ತಮ್ಮ ಜಮೀನಿನಲ್ಲಿದ್ದ ಲಿಂಡನ್ ಜಾತಿಯ ಹೆಮ್ಮರವನ್ನು ನೆನೆದು ಲಿನ್ನೇಯಸ್ ಎಂಬ ಹೆಸರನ್ನು ಇಟ್ಟುಕೊಂಡನು. ಗಿಡಮರಗಳಿಗೆ ಹೆಸರು ಕೊಡಲಿದ್ದವನ ಮನೆತನಕ್ಕೆ ಮರವೊಂದು ಮೊದಲೇ ಹೆಸರು ಕೊಟ್ಟಿತ್ತು.

ನಿಲ್ಸನಿಗೆ ತೋಟಗಾರಿಕೆಯಲ್ಲಿ ಅಪಾರ ಪ್ರೀತಿ. ಮಗು ಅತ್ತಾಗ ಕೈಗೊಂದು ಹೂವನ್ನು ಕೊಟ್ಟರೆ ಸಾಕು, ಅಳು ನಿಲ್ಲುತ್ತಿತ್ತಂತೆ. ಬಾಲಕನು ಗಿಡಗಳ ಹೆಸರನ್ನು ಕೇಳುತ್ತಿದ್ದನು. ಕೇಳಿದ್ದನ್ನು ಮರೆತು ಮತ್ತೆ ಕೇಳುತ್ತಿದ್ದನು. ಒಂದು ದಿನ ತಂದೆಯು ಬೇಸತ್ತು, ಹೇಳಿದ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳದಿದ್ದರೆ ಇನ್ನು ಮುಂದೆ ಯಾವ ಹೆಸರನ್ನೂ ಹೇಳಿಕೊಡುವುದಿಲ್ಲವೆಂದು ಎಚ್ಚರಿಸಿದನು. ಅಂದಿನಿಂದ ಹೆಸರುಗಳನ್ನು ನೆನಪಿಡುವುದೇ ಹುಡುಗನ ವ್ರತವಾಯಿತು.

ಆದರೆ ಶಾಲೆಯ ಪಾಠಗಳಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಮಗನೂ ತನ್ನಂತೆಯೇ ಪಾದ್ರಿಯಾಗಬೇಕೆಂದು ತಂದೆಯ ಆಸೆ. ವೆಕ್ಷೊ ಪಟ್ಟಣದ ಉಪಾಧ್ಯಾಯರಾದರೋ, ಈ ಹುಡುಗನು ಆ ವಿದ್ಯೆಗೆ ತಕ್ಕವನಲ್ಲ, ಯಾವುದಾದರೂ ಕೈಕಸುಬನ್ನು ಕಲಿಸುವುದು ಲೇಸು ಎಂದು ತೀರ್ಪಿತ್ತರು. ನಿಲ್ಸನು ಬಹಳವಾಗಿ ನೊಂದುಕೊಂಡನು. ಆಗ ಅದೇ ಪಟ್ಟಣದ ವೈದ್ಯನೂ ಶಿಕ್ಷಕನೂ ಆಗಿದ್ದ ಯೋಹಾನ್ ರೋತ್‌ಮನ್ ಎಂಬ ಸಹೃದಯನು ಹುಡುಗನ ನಿಜವಾದ ಒಲವನ್ನು ಗುರುತಿಸಿದನು. ಇವನು ಪಾದ್ರಿಯಾಗದಿದ್ದರೂ ಒಳ್ಳೆಯ ವೈದ್ಯನಾಗಬಲ್ಲನೆಂದು ತಂದೆಗೆ ಧೈರ್ಯ ಹೇಳಿ, ತಾನೇ ಪಾಠ ಹೇಳಿಕೊಟ್ಟನು. ಔಷಧಗಳೆಲ್ಲ ಹೆಚ್ಚಾಗಿ ಗಿಡಮೂಲಿಕೆಗಳಿಂದಲೇ ತಯಾರಾಗುತ್ತಿದ್ದ ಆ ಕಾಲದಲ್ಲಿ ವೈದ್ಯನಾಗುವವನು ಸಸ್ಯಗಳನ್ನು ಅರಿಯಲೇಬೇಕಾಗಿತ್ತು. ಹುಡುಗನಿಗೆ ಬೇಕಾದದ್ದೂ ಅದೇ.

1727ರಲ್ಲಿ ಲಿನ್ನೇಯಸನು ಲುಂಡ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಅವನಿಗೆ ಆಶ್ರಯವಿತ್ತ ವೈದ್ಯನ ಮನೆಯಲ್ಲಿ ಒಂದು ಪುಸ್ತಕಭಂಡಾರವಿತ್ತು. ಇವನು ಗುಟ್ಟಾಗಿ ಪುಸ್ತಕಗಳನ್ನು ತಂದುಕೊಂಡು ನಡುರಾತ್ರಿಯವರೆಗೂ ಓದುತ್ತಿದ್ದನು. ಕೋಣೆಯಲ್ಲಿ ದೀಪವು ಹೊತ್ತುಮೀರಿ ಉರಿಯುವುದನ್ನು ಕಂಡು, ಮನೆಗೆ ಎಲ್ಲಿ ಬೆಂಕಿ ಬೀಳುವುದೋ ಎಂದು ವೈದ್ಯನ ವೃದ್ಧ ತಾಯಿಯು ಹೆದರಿದಳು. ಬೈಯಲೆಂದು ಬಂದ ವೈದ್ಯನು, ಪುಸ್ತಕದಲ್ಲಿ ಮುಳುಗಿ ಕುಳಿತಿದ್ದ ಯುವಕನನ್ನು ಕಂಡು ಬೆರಗಾದನು. ಮರುದಿನದಿಂದ ಪುಸ್ತಕಭಂಡಾರದ ಬಾಗಿಲು ಅವನಿಗೆ ಹಗಲಿನಲ್ಲಿಯೇ ತೆರೆಯಿತು.

ಮರುವರ್ಷ ಅವನು ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಹೋದನು. ಬಡತನವು ಅಲ್ಲಿಗೂ ಬೆನ್ನುಹತ್ತಿ ಬಂದಿತು. ಸವೆದುಹೋದ ಪಾದರಕ್ಷೆಯೊಳಗೆ ಕಾಗದವನ್ನು ಮಡಚಿಟ್ಟುಕೊಂಡು ನಡೆಯಬೇಕಾದ ದಿನಗಳೂ ಇದ್ದವು. 1729ರಲ್ಲಿ ಸಸ್ಯೋದ್ಯಾನದಲ್ಲಿ ಅವನ ಜ್ಞಾನವನ್ನು ಕಂಡು ಮೆಚ್ಚಿದ ಓಲೋಫ್ ಸೆಲ್ಸಿಯಸ್ ಎಂಬ ವಿದ್ವಾಂಸನು ತನ್ನ ಮನೆಯಲ್ಲಿಯೇ ಊಟ ವಸತಿಗಳನ್ನು ಒದಗಿಸಿದನು. ಉಷ್ಣಮಾಪಕದ ಅಳತೆಯಿಂದ ಪ್ರಸಿದ್ಧನಾದ ಆಂಡರ್ಸ್ ಸೆಲ್ಸಿಯಸನು ಈತನ ಸೋದರಪುತ್ರನೇ.

ಉಪ್ಸಾಲಾದಲ್ಲಿ ಲಿನ್ನೇಯಸನಿಗೆ ಪೀಟರ್ ಆರ್ಟೆಡಿ ಎಂಬ ಪ್ರಾಣಮಿತ್ರನು ದೊರೆತನು. ಇಬ್ಬರೂ ಬಡವರು, ಇಬ್ಬರಿಗೂ ಒಂದೇ ಹುಚ್ಚು. ಗೊಂದಲದ ಗೂಡಾಗಿ ತೋರುವ ಈ ಜೀವಲೋಕದಲ್ಲಿ ಒಂದು ಕ್ರಮವನ್ನು ಕಾಣಬೇಕೆಂಬುದು ಅವರ ಹಂಬಲ. ಸ್ನೇಹಿತರು ಪ್ರಕೃತಿಯನ್ನೇ ತಮ್ಮೊಳಗೆ ಹಂಚಿಕೊಂಡರು. ಆರ್ಟೆಡಿಗೆ ಮೀನುಗಳು, ಲಿನ್ನೇಯಸನಿಗೆ ಸಸ್ಯಗಳು, ಹಕ್ಕಿಗಳು ಮತ್ತು ಕೀಟಗಳು. ಇಬ್ಬರಲ್ಲಿ ಒಬ್ಬನು ಮೊದಲು ಮರಣ ಹೊಂದಿದರೆ, ಉಳಿದವನು ಅವನ ಬರಹವನ್ನು ಪೂರ್ತಿಮಾಡಿ ಪ್ರಕಟಿಸಬೇಕೆಂದು ಪರಸ್ಪರ ವಚನವನ್ನೂ ಕೊಟ್ಟುಕೊಂಡರು.

1732ರಲ್ಲಿ ಲಿನ್ನೇಯಸನು ಉತ್ತರದ ಲ್ಯಾಪ್‌ಲ್ಯಾಂಡ್ ಪ್ರದೇಶಕ್ಕೆ ಒಬ್ಬನೇ ಪ್ರಯಾಣ ಹೊರಟನು. ಹಿಮ, ಜೌಗು, ಸೊಳ್ಳೆ, ಹಸಿವು ಇವುಗಳನ್ನೆಲ್ಲ ಸಹಿಸುತ್ತ ಸುಮಾರು ಐದು ತಿಂಗಳ ಕಾಲ ಅಲೆದಾಡಿದನು. ಹಿಮಸಾರಂಗಗಳನ್ನು ಸಾಕಿ ಬದುಕುವ ಸಾಮಿ ಜನರ ನಡೆನುಡಿಗಳನ್ನು ಕಂಡು ಬರೆದುಕೊಂಡನು. ಈ ಪ್ರಯಾಣದಲ್ಲಿ ನಡೆದ ಒಂದು ಚಿಕ್ಕ ಘಟನೆಯನ್ನು ಇಲ್ಲಿ ನೆನೆಯಬೇಕು. ದಾರಿಯ ಪಕ್ಕದಲ್ಲಿ ಸತ್ತ ಕುದುರೆಯೊಂದರ ದವಡೆಯ ಎಲುಬು ಬಿದ್ದಿತ್ತು. ಲಿನ್ನೇಯಸನು ಅದನ್ನು ಕೈಗೆತ್ತಿಕೊಂಡು ಹಲ್ಲುಗಳನ್ನು ಎಣಿಸಿದನು. ಎಣಿಸುತ್ತಿರುವಾಗಲೇ ಅವನಿಗೆ ಒಂದು ಆಲೋಚನೆ ಹೊಳೆಯಿತು: ಪ್ರತಿಯೊಂದು ಪ್ರಾಣಿಗೂ ಯಾವ ಬಗೆಯ ಹಲ್ಲುಗಳು ಎಷ್ಟಿವೆ, ಮೊಲೆಗಳು ಎಷ್ಟಿವೆ, ಅವು ಎಲ್ಲಿವೆ ಎಂಬುದನ್ನು ತಿಳಿದರೆ ಸಾಕು, ಎಲ್ಲ ಚತುಷ್ಪಾದಿಗಳನ್ನೂ ಒಂದು ಕ್ರಮದಲ್ಲಿ ಜೋಡಿಸಬಹುದಲ್ಲವೆ? ಪ್ರಾಣಿಗಳನ್ನು ಗಾತ್ರ, ಬಣ್ಣ, ಉಪಯೋಗ ಮುಂತಾದವುಗಳಿಂದ ವಿಂಗಡಿಸುವ ಅಭ್ಯಾಸವಿದ್ದ ಕಾಲದಲ್ಲಿ, ಎಣಿಸಿ ಪರೀಕ್ಷಿಸಬಹುದಾದ ಲಕ್ಷಣವನ್ನು ಹಿಡಿಯಬೇಕೆಂಬ ಈ ವಿಚಾರವು ಬಹು ದೊಡ್ಡದಾಗಿತ್ತು.

ಈ ವಿಚಾರದ ಬಲವು ಮೂರೇ ವರ್ಷಗಳಲ್ಲಿ ಪರೀಕ್ಷೆಗೊಳಗಾಯಿತು. 1735ರಲ್ಲಿ ವೈದ್ಯ ಪದವಿಯನ್ನು ಪಡೆಯುವುದಕ್ಕಾಗಿ ಲಿನ್ನೇಯಸನು ಹಾಲೆಂಡ್ ದೇಶಕ್ಕೆ ಹೊರಟಿದ್ದನು. ದಾರಿಯಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರವನ್ನು ತಲಪಿದಾಗ, ಅಲ್ಲಿನ ನಗರಾಧ್ಯಕ್ಷನ ಬಳಿ ಏಳು ತಲೆಗಳ ಘಟಸರ್ಪದ ಒಣಗಿದ ದೇಹವಿದೆಯೆಂಬ ಸುದ್ದಿ ಅವನ ಕಿವಿಗೆ ಬಿದ್ದಿತು. ಅದಕ್ಕೆ ಅಪಾರ ಬೆಲೆಯನ್ನು ಹೇಳುತ್ತಿದ್ದರು. ನೋಡಿದವರೆಲ್ಲರೂ ಭಯಭಕ್ತಿಗಳಿಂದ ನಿಂತಿದ್ದರೆ, ಲಿನ್ನೇಯಸನು ಅದರ ಬಾಯೊಳಗೆ ಇಣುಕಿ ಹಲ್ಲುಗಳನ್ನು ನೋಡಿದನು. ಅವು ಸರ್ಪದ ಹಲ್ಲುಗಳಾಗಿರಲಿಲ್ಲ. ಯುರೋಪಿನಲ್ಲಿ ವೀಸೆಲ್ ಎಂಬ ಒಂದು ಸಣ್ಣ ಬೇಟೆಪ್ರಾಣಿಯುಂಟು. ಮೇಲುನೋಟಕ್ಕೆ ನಮ್ಮ ಮುಂಗುಸಿಯಂತೆ ನೀಳವಾದ ಮೈ, ಗಿಡ್ಡ ಕಾಲುಗಳು ಅದಕ್ಕಿವೆ. ಆ ಘಟಸರ್ಪದ ದವಡೆಗಳೂ ಪಾದಗಳೂ ವೀಸೆಲಿನವು. ಅವುಗಳ ಮೇಲೆ ಹಾವಿನ ಚರ್ಮವನ್ನು ಅಂಟಿಸಲಾಗಿತ್ತು. ಲಿನ್ನೇಯಸನು ಈ ಮೋಸವನ್ನು ಬಯಲುಮಾಡಿದನು. ಘಟಸರ್ಪದ ಬೆಲೆ ಕುಸಿಯಿತು. ಒಡೆಯನ ಕೋಪಕ್ಕೆ ಗುರಿಯಾಗುವ ಮೊದಲೇ ಲಿನ್ನೇಯಸನು ಆ ನಗರವನ್ನು ಬಿಟ್ಟು ನಡೆದನು.

ಹಾಲೆಂಡಿನಲ್ಲಿ ಅವನು ಕೆಲವೇ ದಿನಗಳಲ್ಲಿ ವೈದ್ಯ ಪದವಿಯನ್ನು ಪಡೆದನು. ಅದೇ ವರ್ಷ ಲೈಡನ್ ನಗರದಲ್ಲಿ ಅವನ ಸಿಸ್ಟೆಮಾ ನ್ಯಾಚುರೇ ಎಂಬ ಗ್ರಂಥವು ಪ್ರಕಟವಾಯಿತು. ಗ್ರಂಥವೆಂದರೆ ಹತ್ತು ಹನ್ನೆರಡು ದೊಡ್ಡ ಹಾಳೆಗಳಷ್ಟೇ. ಆದರೆ ಆ ಹಾಳೆಗಳಲ್ಲಿ ಖನಿಜ, ಸಸ್ಯ, ಪ್ರಾಣಿಗಳೆಂಬ ಮೂರು ಸಾಮ್ರಾಜ್ಯಗಳೂ ಪಟ್ಟಿಗಳ ರೂಪದಲ್ಲಿ ಅಡಗಿದ್ದವು. ವರ್ಗದೊಳಗೆ ಗಣ, ಗಣದೊಳಗೆ ಜಾತಿ, ಜಾತಿಯೊಳಗೆ ಪ್ರಭೇದ, ಹೀಗೆ ಒಂದರೊಳಗೊಂದನ್ನು ಇರಿಸಿದ ಆ ಕ್ರಮವನ್ನು ಕಂಡು ವಿದ್ವಾಂಸರು ವಿಸ್ಮಯಪಟ್ಟರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ದುರಂತವು ಸಂಭವಿಸಿತು. ಆರ್ಟೆಡಿಯೂ ಹಾಲೆಂಡಿಗೆ ಬಂದು ಮೀನುಗಳ ಅಧ್ಯಯನದಲ್ಲಿ ತೊಡಗಿದ್ದನು. ಒಂದು ರಾತ್ರಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೋಣೆಗೆ ಮರಳುತ್ತಿರುವಾಗ ಕಾಲುವೆಗೆ ಬಿದ್ದು ಅವನು ಪ್ರಾಣಬಿಟ್ಟನು. ಆಗ ಅವನ ವಯಸ್ಸು ಮೂವತ್ತು. ಬಾಡಿಗೆಯ ಬಾಕಿಗಾಗಿ ಮನೆಯೊಡೆಯನು ಅವನ ಹಸ್ತಪ್ರತಿಗಳನ್ನು ತಡೆಹಿಡಿದನು. ಲಿನ್ನೇಯಸನು ತನ್ನ ಆಶ್ರಯದಾತನಾದ ಕ್ಲಿಫರ್ಡ್ ಎಂಬ ಶ್ರೀಮಂತನಿಂದ ಹಣವನ್ನು ಕೊಡಿಸಿ ಅವುಗಳನ್ನು ಬಿಡಿಸಿಕೊಂಡನು. ಹಲವು ತಿಂಗಳು ದುಡಿದು, 1738ರಲ್ಲಿ ಆ ಗ್ರಂಥವನ್ನು ಗೆಳೆಯನ ಹೆಸರಿನಲ್ಲಿಯೇ ಅಚ್ಚುಹಾಕಿಸಿದನು. ಕೊಟ್ಟ ಮಾತು ಹೀಗೆ ಉಳಿಯಿತು.

ಆ ವರ್ಷವೇ ಲಿನ್ನೇಯಸನು ಸ್ವದೇಶಕ್ಕೆ ಹಿಂತಿರುಗಿದನು. ಸ್ಟಾಕ್‌ಹೋಮಿನಲ್ಲಿ ವೈದ್ಯವೃತ್ತಿಯನ್ನು ಕೈಗೊಂಡು, 1739ರಲ್ಲಿ ಸಾರಾ ಎಲಿಸಬೆತ್ ಎಂಬ ಕನ್ಯೆಯನ್ನು ವಿವಾಹವಾದನು. 1741ರಲ್ಲಿ ಉಪ್ಸಾಲಾದಲ್ಲಿ ಪ್ರಾಧ್ಯಾಪಕ ಪದವಿಯು ದೊರೆಯಿತು. ಅವನ ಪಾಠಗಳಿಗೆ ವಿದ್ಯಾರ್ಥಿಗಳು ಮುಗಿಬೀಳುತ್ತಿದ್ದರು. ಬೇಸಗೆಯಲ್ಲಿ ಶಿಷ್ಯರ ದೊಡ್ಡ ಗುಂಪನ್ನು ಕಟ್ಟಿಕೊಂಡು ಹೊಲಗದ್ದೆಗಳಲ್ಲಿ ಸಸ್ಯ ಕೀಟಗಳನ್ನು ಸಂಗ್ರಹಿಸುತ್ತ ಅಲೆಯುವುದು ಅವನ ಪದ್ಧತಿಯಾಗಿತ್ತು. ಅವನ ಶಿಷ್ಯರು ಲೋಕದ ಮೂಲೆಮೂಲೆಗಳಿಗೂ ಹೋದರು; ಕೆಲವರು ದೂರದೇಶಗಳಲ್ಲಿಯೇ ರೋಗಗಳಿಗೆ ತುತ್ತಾಗಿ ಮಡಿದರು. ಯೋಹಾನ್ ಕೋನಿಗ್ ಎಂಬ ಶಿಷ್ಯನು 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು ನಮ್ಮ ದೇಶದ ಸಸ್ಯಗಳನ್ನು ಅಧ್ಯಯನ ಮಾಡಿದನು.

ಪೇರ್ ಕಾಲ್ಮ್ ಎಂಬ ಇನ್ನೊಬ್ಬ ಶಿಷ್ಯನು 1748ರಿಂದ 1751ರವರೆಗೆ ಉತ್ತರ ಅಮೆರಿಕದಲ್ಲಿ ಸಂಚರಿಸಿದನು. ಅಲ್ಲಿ ಅವನಿಗೆ ಸ್ಕಂಕಿನ ಪರಿಚಯವಾಯಿತು. ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳಿರುವ, ಪೊದೆಯಂತಹ ಬಾಲವುಳ್ಳ, ಬೆಕ್ಕಿನಷ್ಟು ದೊಡ್ಡ ಪ್ರಾಣಿಯಿದು. ಶತ್ರುವು ಹತ್ತಿರ ಬಂದರೆ ಇದು ಓಡುವುದಿಲ್ಲ. ಬಾಲದ ಬುಡದಲ್ಲಿರುವ ಎರಡು ಗ್ರಂಥಿಗಳಿಂದ ಸಹಿಸಲಾರದ ನಾತವುಳ್ಳ ದ್ರವವನ್ನು ಚಿಮ್ಮಿಸುತ್ತದೆ. ಒಂದು ರಾತ್ರಿ ಕಾಲ್ಮ್ ತಂಗಿದ್ದ ಮನೆಯ ಬಳಿ ನಾಯಿಗಳು ಇದನ್ನು ಅಟ್ಟಿದಾಗ, ಮನೆಯೊಳಗೆ ಮಲಗಿದ್ದ ಅವನಿಗೇ ಉಸಿರು ಕಟ್ಟಿದಂತಾಯಿತಂತೆ. ಅಲ್ಲಿ ನೆಲಸಿದ್ದ ಸ್ವೀಡನ್ನಿನ ಜನರು ಇದನ್ನು ನಾರುವ ಬೆಕ್ಕು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಬೆಕ್ಕಲ್ಲದ ಪ್ರಾಣಿಗೆ ಬೆಕ್ಕೆಂಬ ಹೆಸರನ್ನು ಕೊಡುವುದು ನಮ್ಮ ನಾಡಿನಲ್ಲಿ ಮಾತ್ರ ನಡೆದ ಸಂಗತಿಯಲ್ಲ!

ಅಮೆರಿಕದಿಂದ ಬಂದ ಇನ್ನೊಂದು ಪ್ರಾಣಿಯು ಲಿನ್ನೇಯಸನ ಮನೆಯಲ್ಲಿಯೇ ಬೆಳೆಯಿತು. ಅದು ಯುವರಾಜ ಅಡಾಲ್ಫ್ ಫ್ರೆಡ್ರಿಕನು ಕಾಣಿಕೆಯಾಗಿ ಕೊಟ್ಟಿದ್ದ ರಕೂನ್. ಲಿನ್ನೇಯಸನು ಅದಕ್ಕೆ ಷುಪ್ ಎಂದು ಹೆಸರಿಟ್ಟು ಮುದ್ದಿನಿಂದ ಸಾಕಿದನು. ಮೊಟ್ಟೆ ಮತ್ತು ಸಿಹಿತಿಂಡಿಗಳೆಂದರೆ ಷುಪ್‌ಗೆ ಪ್ರಾಣ. ಹುಳಿಯ ಪದಾರ್ಥಗಳೆಂದರೆ ದೂರ. ತಿಂಡಿಯ ವಾಸನೆ ಬಂದರೆ ವಿದ್ಯಾರ್ಥಿಗಳ ಜೇಬಿಗೇ ಕೈಹಾಕಿ ಹುಡುಕುತ್ತಿತ್ತು. ಒಂದು ದಿನ ಅದು ನೆರೆಮನೆಯ ಕಡೆಗೆ ನುಸುಳಿ ಹೋಗಲು, ನಾಯಿಯೊಂದು ಅದನ್ನು ಕಚ್ಚಿ ಕೊಂದಿತು. ಲಿನ್ನೇಯಸನಿಗೆ ದುಃಖವಾಗದೆ ಇರಲಿಲ್ಲ. ಆದರೂ ಅವನು ಅದರ ದೇಹವನ್ನು ಛೇದಿಸಿ, ಅಂಗಾಂಗಗಳನ್ನು ಪರಿಶೀಲಿಸಿದನು. ಅದರ ವಿವರಣೆಯು 1747ರಲ್ಲಿ ಪ್ರಕಟವಾಯಿತು. ಕರಡಿಯಂತೆ ಅಂಗಾಲನ್ನು ನೆಲಕ್ಕೂರಿ ನಡೆಯುವ ಆ ಪ್ರಾಣಿಯನ್ನು ಅವನು ಕರಡಿಗಳ ಜಾತಿಯಲ್ಲಿ ಸೇರಿಸಿದನು.

1753ರಲ್ಲಿ ಲಿನ್ನೇಯಸನು ಸುಮಾರು 6,000 ಸಸ್ಯಗಳನ್ನು ವಿವರಿಸುವ ಸ್ಪೀಷೀಸ್ ಪ್ಲಾಂಟೇರಂ ಎಂಬ ಗ್ರಂಥವನ್ನು ಪ್ರಕಟಿಸಿದನು. ಅಲ್ಲಿಯವರೆಗೆ ಒಂದೊಂದು ಗಿಡದ ಹೆಸರೂ ಲ್ಯಾಟಿನ್ ಭಾಷೆಯ ಒಂದು ಸಾಲಿನಷ್ಟು ಉದ್ದವಾಗಿರುತ್ತಿತ್ತು. ಲಿನ್ನೇಯಸನು ಪ್ರತಿಯೊಂದು ಸಸ್ಯಕ್ಕೂ ಎರಡೇ ಪದಗಳ ಹೆಸರನ್ನು ಕೊಟ್ಟನು. ಮೊದಲನೆಯ ಪದವು ಜಾತಿಯನ್ನು, ಎರಡನೆಯದು ಪ್ರಭೇದವನ್ನು ಸೂಚಿಸುತ್ತದೆ. ಇದೇ ದ್ವಿನಾಮ ಪದ್ಧತಿ. 1758ರಲ್ಲಿ ಪ್ರಕಟವಾದ ಸಿಸ್ಟೆಮಾ ನ್ಯಾಚುರೇ ಗ್ರಂಥದ 10ನೆಯ ಆವೃತ್ತಿಯಲ್ಲಿ ಇದೇ ಪದ್ಧತಿಯನ್ನು 4,000ಕ್ಕೂ ಹೆಚ್ಚಿನ ಪ್ರಾಣಿಗಳಿಗೆ ಅನ್ವಯಿಸಿದನು. ಪ್ರಾಣಿಗಳ ವೈಜ್ಞಾನಿಕ ನಾಮಕರಣವು ಆ ಗ್ರಂಥದಿಂದಲೇ ಪ್ರಾರಂಭವಾಗುವುದೆಂದು ಜಗತ್ತಿನ ಪ್ರಾಣಿವಿಜ್ಞಾನಿಗಳೆಲ್ಲರೂ ಒಪ್ಪಿದ್ದಾರೆ.

ಆ ಆವೃತ್ತಿಯಲ್ಲಿ ಮತ್ತೊಂದು ಮಹತ್ತ್ವದ ಬದಲಾವಣೆಯಿತ್ತು. ಆರ್ಟೆಡಿಯು ತಿಮಿಂಗಿಲವನ್ನು ಮೀನುಗಳೊಡನೆ ಸೇರಿಸಿದ್ದನು. ಲಿನ್ನೇಯಸನೂ ಗೆಳೆಯನ ಕ್ರಮವನ್ನೇ ಇಪ್ಪತ್ತು ವರ್ಷಗಳಿಗೂ ಮೀರಿ ಅನುಸರಿಸಿದ್ದನು. ಆದರೆ ತಿಮಿಂಗಿಲಕ್ಕೆ ಶ್ವಾಸಕೋಶಗಳಿವೆ, ಬಿಸಿರಕ್ತವಿದೆ. ಅದು ಮರಿಗಳಿಗೆ ಹಾಲೂಡಿಸುತ್ತದೆ. 1758ರಲ್ಲಿ ಅವನು ತಿಮಿಂಗಿಲವನ್ನು ಮೀನುಗಳಿಂದ ಬೇರ್ಪಡಿಸಿ, ಹಸು, ಕುದುರೆ, ಬೆಕ್ಕು, ಮನುಷ್ಯ ಇವರೆಲ್ಲರೂ ಸೇರುವ ವರ್ಗಕ್ಕೆ ತಂದನು. ಆ ವರ್ಗಕ್ಕೆ ಸ್ತನವೆಂಬ ಪದದಿಂದ ಹೊಸ ಹೆಸರೊಂದನ್ನು ಕಟ್ಟಿದನು. ಅದನ್ನೇ ನಾವು ಕನ್ನಡದಲ್ಲಿ ಸಸ್ತನಿಗಳು ಎನ್ನುತ್ತೇವೆ. ಮಡಿದ ಮಿತ್ರನ ಗ್ರಂಥವನ್ನು ಪ್ರೀತಿಯಿಂದ ಉಳಿಸಿದವನೇ ಅದರಲ್ಲಿನ ದೋಷವನ್ನು ಸತ್ಯಕ್ಕಾಗಿ ತಿದ್ದಿದನು. ಸ್ನೇಹಕ್ಕೂ ಸತ್ಯಕ್ಕೂ ಅವನು ಸಲ್ಲಿಸಬೇಕಾದದ್ದನ್ನು ಸಲ್ಲಿಸಿದನು.

ಇನ್ನು ಸ್ಕಂಕಿನ ವಿಷಯಕ್ಕೆ ಬರೋಣ. ಹಲ್ಲುಗಳ ಎಣಿಕೆಯಿಂದ ಲಿನ್ನೇಯಸನು ಸಸ್ತನಿಗಳನ್ನು ಗಣಗಳಾಗಿ ವಿಭಾಗಿಸಿದ್ದನು. ಮೇಲಿನ ದವಡೆಯಲ್ಲಿ ಆರು ಚೂಪಾದ ಬಾಚಿಹಲ್ಲುಗಳೂ ಎರಡು ಪಕ್ಕಗಳಲ್ಲಿ ಒಂದೊಂದು ಕೋರೆಹಲ್ಲೂ ಉಳ್ಳ ಬೇಟೆಪ್ರಾಣಿಗಳು ಒಂದು ಗಣವಾದವು. ಅದರೊಳಗೆ ನಾಯಿ, ಬೆಕ್ಕು, ಕರಡಿ, ವೀಸೆಲ್ ಮುಂತಾದ ಜಾತಿಗಳನ್ನು ಇರಿಸಿದನು. ನೀರುನಾಯಿಯನ್ನು ವೀಸೆಲಿನ ಜೊತೆಗೆ ಸೇರಿಸಿದ್ದು ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಸ್ಕಂಕನ್ನು ಎಲ್ಲಿ ಇರಿಸುವುದು? ಲಿನ್ನೇಯಸನು ಅಮೆರಿಕಕ್ಕೆ ಎಂದೂ ಹೋದವನಲ್ಲ. ಕ್ಯಾರೊಲೈನಾ ಪ್ರದೇಶದ ಪ್ರಾಣಿಗಳನ್ನು ಕುರಿತು ಇಂಗ್ಲೆಂಡಿನ ಮಾರ್ಕ್ ಕೇಟ್ಸ್‌ಬಿ ಬರೆದಿದ್ದ ಚಿತ್ರಸಹಿತವಾದ ಗ್ರಂಥವೇ ಇಲ್ಲಿ ಅವನಿಗೆ ಆಧಾರ. ಅವನು ಸ್ಕಂಕನ್ನು ಪುನುಗುಬೆಕ್ಕು ಮತ್ತು ಮುಂಗುಸಿಗಳಿದ್ದ ವಿವೆರಾ ಎಂಬ ಜಾತಿಯಲ್ಲಿ ಇರಿಸಿ, ನಾತವೆಂಬ ಅರ್ಥದ ಪದವನ್ನು ಸೇರಿಸಿ ವಿವೆರಾ ಪ್ಯುಟೋರಿಯಸ್ ಎಂದು ಕರೆದನು. ನೀಳವಾದ ಮೈ, ಗಿಡ್ಡ ಕಾಲು, ಬಾಲದ ಬುಡದ ಗಂಧಗ್ರಂಥಿ ಇವುಗಳನ್ನು ನೋಡಿದರೆ ಯಾರಿಗಾದರೂ ಈ ಹೋಲಿಕೆ ತೋರುವಂತಹುದೇ. ಆದರೂ ಅದು ತಪ್ಪಾಗಿತ್ತು.

ಅವನ ತಪ್ಪು ಇದೊಂದೇ ಅಲ್ಲ. ಹಲ್ಲನ್ನೇ ನಂಬಿದ್ದರಿಂದ ಬಾವಲಿಯು ಕೋತಿ ಮತ್ತು ಮನುಷ್ಯರ ಗಣದಲ್ಲಿಯೂ, ಖಡ್ಗಮೃಗವು ಇಲಿ ಅಳಿಲುಗಳ ಗಣದಲ್ಲಿಯೂ ಬಂದು ಕುಳಿತವು. ಮನುಷ್ಯನನ್ನು ಧೈರ್ಯದಿಂದ ಪ್ರಾಣಿಗಳ ಸಾಲಿನಲ್ಲಿ ನಿಲ್ಲಿಸಿದವನು, ಮನುಷ್ಯರನ್ನು ಖಂಡಗಳಿಗೆ ಅನುಸಾರವಾಗಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ಸ್ವಭಾವವನ್ನು ಆರೋಪಿಸಿದನು. ಇಲ್ಲಿ ಅವನು ಎಣಿಸಲಿಲ್ಲ, ಅಳೆಯಲಿಲ್ಲ. ಕೇಳಿದ ಮಾತನ್ನು ನಂಬಿದನು. ಮುಂದಿನ ಕಾಲದಲ್ಲಿ ವರ್ಣಭೇದವನ್ನು ಎತ್ತಿಹಿಡಿಯುವವರಿಗೆ ಇಂತಹ ವಿಂಗಡಣೆಯು ನೆಪವಾಯಿತು. ದೊಡ್ಡವರ ತಪ್ಪುಗಳಿಂದ ಆಗುವ ಕೇಡೂ ದೊಡ್ಡದೇ.

1761ರಲ್ಲಿ ಸ್ವೀಡನ್ನಿನ ರಾಜನು ಲಿನ್ನೇಯಸನಿಗೆ ಸರದಾರ ಪದವಿಯನ್ನು ದಯಪಾಲಿಸಿದನು. ಮುಪ್ಪಿನಲ್ಲಿ ಲಕ್ವ ಹೊಡೆದು ಅವನ ದೇಹವೂ ನೆನಪೂ ಕುಂದಿದವು. ಕಡೆಕಡೆಗೆ ತನ್ನ ಪುಸ್ತಕಗಳನ್ನೇ ಕೈಯಲ್ಲಿ ಹಿಡಿದು, ಯಾರೋ ಬರೆದವೆಂದು ತಿಳಿದು ಮೆಚ್ಚಿಕೊಳ್ಳುತ್ತಿದ್ದನಂತೆ. ಸಾವಿರಾರು ಜೀವಿಗಳಿಗೆ ಹೆಸರಿಟ್ಟವನಿಗೆ ಕೊನೆಗೆ ತನ್ನ ಹೆಸರೂ ಮರೆತುಹೋಯಿತೆಂದು ಹೇಳುತ್ತಾರೆ. 1778ನೆಯ ಇಸವಿ ಜನವರಿ 10ರಂದು ಅವನು ಕಾಲವಾದನು. ಉಪ್ಸಾಲಾದ ಮಹಾ ದೇವಾಲಯದಲ್ಲಿ ಅವನ ಸಮಾಧಿಯಿದೆ.

ಲಿನ್ನೇಯಸನು ಅಳಿದರೂ ಅವನ ಕ್ರಮ ಉಳಿಯಿತು. ಉಳಿದದ್ದರಿಂದಲೇ ಅವನ ತಪ್ಪುಗಳು ಬೆಳಕಿಗೆ ಬಂದವು. 1795ರಲ್ಲಿ ಫ್ರಾನ್ಸಿನ ಪಂಡಿತರಾದ ಕುವ್ಯೇ ಮತ್ತು ಜೆಫ್ರಾಯ್ ಸೇಂಟ್‌ಹಿಲೇರ್ ಎಂಬುವರು ಪುನುಗುಬೆಕ್ಕಿನ ಜಾತಿಯಿಂದ ಸ್ಕಂಕುಗಳನ್ನು ಬೇರ್ಪಡಿಸಿ ಅವುಗಳಿಗೆ ಮೆಫೈಟಿಸ್ ಎಂಬ ಪ್ರತ್ಯೇಕ ಜಾತಿಯನ್ನು ರಚಿಸಿದರು. 1859ರಲ್ಲಿ ಡಾರ್ವಿನ್ನನ ಗ್ರಂಥವು ಪ್ರಕಟವಾದ ಮೇಲೆ, ಪ್ರಾಣಿಗಳಲ್ಲಿ ಕಾಣುವ ಹೋಲಿಕೆಗೆ ರಕ್ತಸಂಬಂಧವೇ ಕಾರಣವೆಂಬ ತಿಳಿವಳಿಕೆ ಮೂಡಿತು. 1869ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫ್ಲವರ್ ಎಂಬ ವಿಜ್ಞಾನಿಯು ಮಾಂಸಾಹಾರಿ ಸಸ್ತನಿಗಳ ತಲೆಬುರುಡೆಯ ಬುಡವನ್ನು, ವಿಶೇಷವಾಗಿ ಕಿವಿಯ ಎಲುಬನ್ನು ಪರಿಶೀಲಿಸಿ, ಅವುಗಳನ್ನು ವಿಂಗಡಿಸಿದನು. ಇಂದು ಈ ಪ್ರಾಣಿಗಳಲ್ಲಿ ಎರಡು ದೊಡ್ಡ ಶಾಖೆಗಳನ್ನು ಗುರುತಿಸುತ್ತಾರೆ. ಪುನುಗುಬೆಕ್ಕು, ಮುಂಗುಸಿ, ಕತ್ತೆಕಿರುಬಗಳು ಬೆಕ್ಕಿನ ಶಾಖೆಯವು. ಸ್ಕಂಕ್, ವೀಸೆಲ್, ರಕೂನ್, ಕರಡಿಗಳು ನಾಯಿಯ ಶಾಖೆಯವು. ಹೀಗೆ ಲಿನ್ನೇಯಸನು ಜೊತೆಯಾಗಿ ಕೂರಿಸಿದ್ದ ಸ್ಕಂಕೂ ಮುಂಗುಸಿಯೂ ಬಹು ದೂರದ ಬಂಧುಗಳೆಂದು ಸಿದ್ಧವಾಯಿತು.

ಆದರೆ ತಿದ್ದಿದವರೂ ಎಡವದೆ ಇರಲಿಲ್ಲ. 19ನೆಯ ಶತಮಾನದಿಂದ 20ನೆಯ ಶತಮಾನದ ಕೊನೆಯವರೆಗೂ ಸ್ಕಂಕನ್ನು ವೀಸೆಲ್, ನೀರುನಾಯಿ, ತರಕರಡಿಗಳ ಕುಟುಂಬದ ಒಂದು ಕವಲೆಂದೇ ಎಣಿಸುತ್ತಿದ್ದರು. ಜೀವಕೋಶಗಳಲ್ಲಿರುವ ಡಿ.ಎನ್.ಎ. ಎಂಬ ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡುವ ವಿಧಾನ ಬಂದ ಮೇಲೆ ಈ ನಂಬಿಕೆಯೂ ಅಲುಗಿತು. 1997ರಲ್ಲಿ ಡ್ರಾಗೂ ಮತ್ತು ಹನಿಕಟ್ ಎಂಬ ಅಮೆರಿಕದ ವಿಜ್ಞಾನಿಗಳು ಸ್ಕಂಕುಗಳದೇ ಒಂದು ಪ್ರತ್ಯೇಕ ಕುಟುಂಬವಿರಬೇಕೆಂದು ಪ್ರತಿಪಾದಿಸಿದರು. ವೀಸೆಲಿಗೆ ಸ್ಕಂಕಿಗಿಂತಲೂ ರಕೂನೇ ಹತ್ತಿರದ ನೆಂಟನೆಂದು ಅವರ ಪರಿಶೋಧನೆಯಿಂದ ತೋರಿಬಂದಿತು. ಅಷ್ಟೇ ಅಲ್ಲ, ಇಂಡೋನೇಷ್ಯಾ ಮತ್ತು ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ವಾಸಿಸುವ, ಬ್ಯಾಜರ್ ಎಂಬ ಬೇರೆ ಪ್ರಾಣಿಯ ಬಳಗದ್ದೆಂದು ಭಾವಿಸಲಾಗಿದ್ದ ನಾರುವ ಪ್ರಾಣಿಯೊಂದು ಸ್ಕಂಕುಗಳ ನಿಜವಾದ ಬಂಧುವೆಂದೂ ತಿಳಿಯಿತು. ಸ್ಕಂಕ್, ರಕೂನ್, ವೀಸೆಲ್ ಇವುಗಳ ಕುಟುಂಬಗಳೂ, ನಮ್ಮ ಹಿಮಾಲಯದ ಕಾಡುಗಳಲ್ಲಿರುವ ಕೆಂಪು ಪಾಂಡಾದ ಕುಟುಂಬವೂ ಸೇರಿ ಇಂದು ಒಂದು ಮಹಾಕುಟುಂಬವೆನಿಸಿವೆ. ಲಿನ್ನೇಯಸನ ಮುದ್ದಿನ ಷುಪ್ ಕರಡಿಯಾಗಿರಲಿಲ್ಲ. ಅದು ಹ್ಯಾಂಬರ್ಗಿನ ಘಟಸರ್ಪಕ್ಕೆ ದವಡೆಯನ್ನು ಕೊಟ್ಟ ವೀಸೆಲಿನ ನೆಂಟನಾಗಿತ್ತು.

ಲಿನ್ನೇಯಸನು ಹೆಸರಿಟ್ಟ ಆ ಸ್ಕಂಕನ್ನು ಈಗ ಗ್ರಂಥಗಳಲ್ಲಿ ಸ್ಪೈಲೊಗೇಲ್ ಪ್ಯುಟೋರಿಯಸ್ (ಲಿನ್ನೇಯಸ್, 1758) ಎಂದು ಬರೆಯುತ್ತಾರೆ. ಜಾತಿಯ ಹೆಸರು ಬದಲಾಗಿದೆ. ಪ್ರಭೇದಕ್ಕೆ ಅವನು ಕೊಟ್ಟ ಹೆಸರು ಹಾಗೆಯೇ ಇದೆ. ಅವನ ಹೆಸರನ್ನು ಆವರಣ ಚಿಹ್ನೆಯೊಳಗೆ ಇರಿಸಿರುವುದಕ್ಕೆ ಅರ್ಥವಿದೆ. ಮೊದಲು ಹೆಸರಿಟ್ಟವನು ಇವನೇ, ಆದರೆ ಇವನು ಇರಿಸಿದ ಜಾತಿಯಲ್ಲಿ ಈ ಪ್ರಾಣಿ ಈಗ ಇಲ್ಲ ಎಂಬುದೇ ಆ ಚಿಹ್ನೆಯ ಸೂಚನೆ. ಒಬ್ಬನ ಶ್ರಮಕ್ಕೆ ಸಲ್ಲಬೇಕಾದ ಗೌರವವನ್ನೂ ಅವನ ತಪ್ಪಿನ ತಿದ್ದುಪಡಿಯನ್ನೂ ಒಂದೇ ಸಾಲಿನಲ್ಲಿ ಹೇಳುವ ಈ ಪದ್ಧತಿಯಲ್ಲಿ ವಿಜ್ಞಾನದ ಶೀಲವೇ ಅಡಗಿದೆ. ತಪ್ಪಾಗುವುದೆಂಬ ಭಯದಿಂದ ಲಿನ್ನೇಯಸನು ಸುಮ್ಮನೆ ಕುಳಿತಿದ್ದರೆ ತಿದ್ದುವುದಕ್ಕೂ ಏನೂ ಇರುತ್ತಿರಲಿಲ್ಲ. ದಾರಿಯಲ್ಲಿ ಬಿದ್ದಿದ್ದ ಎಲುಬನ್ನು ಎತ್ತಿಕೊಂಡು ಹಲ್ಲುಗಳನ್ನು ಎಣಿಸಿದ ಆ ಯುವಕನ ಕೆಲಸವು ಇಂದಿಗೂ ಮುಗಿದಿಲ್ಲ. ಅವನ ಹಿಂದೆ ಬಂದವರು ಅದನ್ನು ಮುಂದುವರಿಸುತ್ತಲೇ ಇದ್ದಾರೆ.